ಇಡೀ ಕಿರುಚಿತ್ರವನ್ನು ಅಜ್ಜಿಯ ಕಣ್ಣಿನಿಂದಲೇ ತೋರಿಸಬಹುದೇ? ಪಿಓವಿ ಶಾಟ್ (ಪಾತ್ರದ ಕಣ್ಣಿಗೆ ಕಂಡಂತೆ ತೋರಿಸುವ ಶಾಟ್) ಕುರಿತು ಒಂದು ಪ್ರಶ್ನೆ

ಅಂಗಳದ ಬೆಳಕು:

ಎಲ್ಲರಿಗೂ ನಮಸ್ಕಾರ. ನಾವು ನಾಲ್ವರು ಗೆಳೆಯರು ಸೇರಿ 12 ನಿಮಿಷಗಳ ಕಿರುಚಿತ್ರವೊಂದನ್ನು ಮಾಡಲು ಹೊರಟಿದ್ದೇವೆ. ಎರಡೂ ಕಣ್ಣಿಗೆ ಪೊರೆ ಬಂದಿರುವ ಅಜ್ಜಿಯೊಬ್ಬರು ಶಸ್ತ್ರಚಿಕಿತ್ಸೆಗೆ ಹೋಗುವ ಹಿಂದಿನ ದಿನವನ್ನು ಮನೆಯಲ್ಲಿ ಹೇಗೆ ಕಳೆಯುತ್ತಾರೆ ಎಂಬುದಷ್ಟೇ ಕಥೆ. ಹೊರಗಿನಿಂದ ನೋಡಿದ ಒಂದೇ ಒಂದು ಶಾಟ್ ಕೂಡ ಇರಬಾರದು, ಅಜ್ಜಿ ಕಂಡದ್ದನ್ನಷ್ಟೇ ನೋಡುಗರೂ ಕಾಣಬೇಕು, ಹಾಗಾದರೆ ಮಾತ್ರ ಅಜ್ಜಿಯ ಕಷ್ಟ ಅವರ ಮೈಗೆ ತಾಗುತ್ತದೆ ಎಂಬುದು ನಮ್ಮ ನಂಬಿಕೆಯಾಗಿತ್ತು.

ಕಳೆದ ವಾರ ಪ್ರಯೋಗಕ್ಕೆಂದು 4 ನಿಮಿಷಗಳಷ್ಟನ್ನು ಚಿತ್ರೀಕರಿಸಿ, ಕಥೆ ಗೊತ್ತಿಲ್ಲದ ಏಳು ಜನರಿಗೆ ತೋರಿಸಿದೆವು. ಬೆಳಕು ಚೆನ್ನಾಗಿದೆ, ಅಡುಗೆಮನೆಯ ಸದ್ದು ಚೆನ್ನಾಗಿದೆ ಎಂದು ಎಲ್ಲರೂ ಹೇಳಿದರು. ಅಜ್ಜಿಯ ಬಗ್ಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಕೊನೆಗೆ ಒಬ್ಬರು, "ಯಾರೋ ಮೊಬೈಲ್ ಹಿಡಿದುಕೊಂಡು ಮನೆಯೆಲ್ಲಾ ಓಡಾಡಿದ ಹಾಗಿದೆ, ಓಡಾಡುತ್ತಿರುವವರು ಯಾರು?" ಎಂದು ಕೇಳಿಬಿಟ್ಟರು. ನೋಡುಗರನ್ನು ಅಜ್ಜಿಯ ತಲೆಯೊಳಗೇ ಕೂರಿಸಿದ ಮೇಲೂ ಅಜ್ಜಿ ಯಾರೆಂದು ಅವರಿಗೆ ತಿಳಿಯದೆ ಹೋಗುವುದು ಹೇಗೆ? ತಪ್ಪು ನಮ್ಮ ಕೈಯಲ್ಲಿದೆಯೋ ಅಥವಾ ಈ ವಿಧಾನದಲ್ಲೇ ಇದೆಯೋ?

ಕತ್ತರಿಮೇಜು:

ನಾನು ಸಂಕಲನದ ಕೆಲಸ ಮಾಡುವವನು. ಆದ್ದರಿಂದ ನನ್ನ ಉತ್ತರ ಸ್ವಲ್ಪ ಒಂದೇ ಕಡೆಗೆ ವಾಲಿರಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ.

ನಿಮ್ಮ ಹಟವನ್ನು 1947ರಲ್ಲಿ ಎಂ.ಜಿ.ಎಂ. ಸ್ಟುಡಿಯೋ ನಿಜಕ್ಕೂ ಮಾಡಿ ನೋಡಿತ್ತು. ರೇಮಂಡ್ ಚಾಂಡ್ಲರ್ ಅವರ ಕಾದಂಬರಿ 'ಲೇಡಿ ಇನ್ ದ ಲೇಕ್' ಅನ್ನು ರಾಬರ್ಟ್ ಮಾಂಟ್ಗೊಮೆರಿ ತಾವೇ ನಿರ್ದೇಶಿಸಿ, ಪತ್ತೇದಾರ ಫಿಲಿಪ್ ಮಾರ್ಲೋ ಪಾತ್ರವನ್ನೂ ತಾವೇ ವಹಿಸಿದರು. ನಡುನಡುವೆ ಮಾರ್ಲೋ ನಮ್ಮತ್ತ ತಿರುಗಿ ಮಾತನಾಡುವ ಕೆಲವು ತುಣುಕುಗಳನ್ನು ಬಿಟ್ಟರೆ, ಚಿತ್ರವಿಡೀ ಅವನ ಕಣ್ಣಿನಿಂದಲೇ ನಡೆಯುತ್ತದೆ. ಕನ್ನಡಿ ಎದುರಾದಾಗ ಮಾತ್ರ ಅವನ ಮುಖ ಕಾಣುತ್ತದೆ. ಹೊಡೆಯುವವನ ಮುಷ್ಟಿ ನೇರವಾಗಿ ಲೆನ್ಸಿನತ್ತ ಬರುತ್ತದೆ, ಮುತ್ತು ಕೊಡಲು ಬಂದ ನಾಯಕಿ ಲೆನ್ಸಿಗೇ ತುಟಿ ತರುತ್ತಾಳೆ, ಕಾರು ಅಪಘಾತವಾದ ಮೇಲೆ ಕ್ಯಾಮೆರಾ ನೆಲದ ಮೇಲೆ ತೆವಳುತ್ತದೆ. ಕಸರತ್ತಿನಲ್ಲಿ ಯಾವ ಕೊರತೆಯೂ ಇಲ್ಲ. ಆದರೂ ಏಟು ಬಿದ್ದಾಗ ನಮಗೆ ನೋವಾಗುವುದಿಲ್ಲ, ಏಕೆಂದರೆ ನೋವಾದ ಮುಖವೇ ನಮ್ಮ ಎದುರಿಗಿಲ್ಲ. ಎದುರಿಗಿರುವ ನಟರು ಯಾವುದೋ ಯಂತ್ರಕ್ಕೆ ಮಾತನಾಡುತ್ತಿದ್ದಾರೆ ಎಂಬ ಭಾವನೆ ಸ್ವಲ್ಪ ಹೊತ್ತಿಗೆಲ್ಲ ಶುರುವಾಗಿ ಕೊನೆಯವರೆಗೂ ಬಿಡುವುದಿಲ್ಲ.

ಇನ್ನೊಂದು ಕಡೆ ಹಿಚ್‌ಕಾಕ್ ಅವರ 1954ರ 'ರಿಯರ್ ವಿಂಡೋ' ನೋಡಿ. ಕಾಲು ಮುರಿದುಕೊಂಡು ಗಾಲಿಕುರ್ಚಿಯಲ್ಲಿ ಕುಳಿತ ಛಾಯಾಗ್ರಾಹಕನೊಬ್ಬ ಕಿಟಕಿಯಿಂದ ಎದುರು ಮನೆಗಳನ್ನು ನೋಡುತ್ತಾನೆ, ಅಷ್ಟೇ. ಆ ಚಿತ್ರದ ಪಿಓವಿ ಶಾಟ್‌ಗಳನ್ನು ಮಾತ್ರ ಬಿಡಿಸಿ ಒಂದರ ಹಿಂದೆ ಒಂದು ಜೋಡಿಸಿದರೆ, ಅಂಗಳದ ಆಚೆ ಸಣ್ಣದಾಗಿ ಕಾಣುವ ಕಿಟಕಿಗಳು ಸಿಗುತ್ತವೆಯೇ ಹೊರತು ಕಥೆ ಸಿಗುವುದಿಲ್ಲ. ಆ ಛಾಯಾಗ್ರಾಹಕನ ಪಾತ್ರ ಮಾಡಿದ ಜೇಮ್ಸ್ ಸ್ಟುವರ್ಟ್ ಅವರ ಮುಖ, ಅವರು ನೋಡಿದ್ದು, ಮತ್ತೆ ಅವರ ಮುಖ: ಈ ಮೂರು ತುಣುಕುಗಳು ಒಂದರ ಪಕ್ಕ ಒಂದು ಕುಳಿತಾಗ ಮಾತ್ರ ಅವರ ತಲೆಯೊಳಗೆ ಏನು ನಡೆಯುತ್ತಿದೆ ಎಂಬುದು ನಮಗೆ ತಿಳಿಯುತ್ತದೆ. 1964ರ ದೂರದರ್ಶನ ಸಂದರ್ಶನವೊಂದರಲ್ಲಿ ಹಿಚ್‌ಕಾಕ್ ಇದನ್ನು ತಮ್ಮ ಮುಖವನ್ನೇ ಬಳಸಿ ತೋರಿಸಿದ್ದರು. ಮೊದಲು ಅವರು ಏನನ್ನೋ ನೋಡುತ್ತಾರೆ, ತಾಯಿ ಮತ್ತು ಮಗು ಕಾಣುತ್ತಾರೆ, ಅವರು ನಗುತ್ತಾರೆ. ಆಗ ಅವರು ಒಳ್ಳೆಯ ಮುದುಕ. ನಡುವಿನ ತುಣುಕನ್ನು ತೆಗೆದು ಅಲ್ಲಿ ಬಿಕಿನಿ ತೊಟ್ಟ ಹುಡುಗಿಯನ್ನು ಇಟ್ಟರೆ, ಅದೇ ನಗುವಿನ ಮನುಷ್ಯ ಚಪಲಚಿತ್ತನಾಗುತ್ತಾನೆ. ಸೋವಿಯತ್ ರಷ್ಯಾದಲ್ಲಿ ನಿರ್ದೇಶಕ ಕುಲೆಶೊವ್ ಒಂದೇ ಮುಖದ ಪಕ್ಕ ಬೇರೆ ಬೇರೆ ತುಣುಕುಗಳನ್ನು ಇಟ್ಟು ಮಾಡಿದ ಪ್ರಯೋಗದ ಮುಂದುವರಿಕೆ ಇದು.

ಪಿಓವಿ ಹುಟ್ಟುವುದು ಚಿತ್ರೀಕರಣದ ಜಾಗದಲ್ಲಿ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಆದರೆ ಅಜ್ಜಿಯ ಎತ್ತರದಲ್ಲಿ ಕ್ಯಾಮೆರಾ ಇಟ್ಟು ಬಾಗಿಲನ್ನು ಚಿತ್ರೀಕರಿಸಿದರೆ ಅದು ಬಾಗಿಲಿನ ಶಾಟ್ ಅಷ್ಟೇ. ಅದಕ್ಕಿಂತ ಮುಂಚೆ ಅಜ್ಜಿ ತಲೆ ಎತ್ತಿ ನೋಡಿದ ತುಣುಕೊಂದು ಬಂದಾಗ ಆ ಬಾಗಿಲು ಅಜ್ಜಿಯದಾಗುತ್ತದೆ. ನಿಮ್ಮ 4 ನಿಮಿಷಗಳಲ್ಲಿ ಇಲ್ಲದಿರುವುದು ಆ ತುಣುಕು.

ಮೂರನೇ ಸಾಲು:

ಕತ್ತರಿಮೇಜು ಸರ್, ನಿಮ್ಮ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. 1947ರ ಒಂದು ಚಿತ್ರ ಸೋತಿತು ಎಂಬ ಕಾರಣಕ್ಕೆ ಆ ದಾರಿಯನ್ನೇ ಮುಚ್ಚಿಬಿಡುವುದು ಸರಿಯಲ್ಲ. ಅದೇ ವರ್ಷ ಬಂದ 'ಡಾರ್ಕ್ ಪ್ಯಾಸೇಜ್' ಚಿತ್ರದಲ್ಲಿ ಹಂಫ್ರಿ ಬೋಗಾರ್ಟ್ ಅವರ ಪಾತ್ರ ಜೈಲಿನಿಂದ ತಪ್ಪಿಸಿಕೊಂಡು ಬಂದು ಮುಖದ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವರೆಗೆ ಹೆಚ್ಚಿನದೆಲ್ಲ ಪಿಓವಿಯಲ್ಲೇ ಇದೆ, ಮತ್ತು ಅದು ಸೊಗಸಾಗಿ ಕೆಲಸ ಮಾಡುತ್ತದೆ. ಕಾರಣ ಸರಳ: ಶಸ್ತ್ರಚಿಕಿತ್ಸೆಗೆ ಮುಂಚಿನ ಮುಖ ಬೋಗಾರ್ಟ್ ಅವರದಲ್ಲ, ಹಾಗಾಗಿ ಅದನ್ನು ಮುಚ್ಚಿಡಬೇಕಾದ ಅಗತ್ಯ ಕಥೆಗೇ ಇತ್ತು.

ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಜೂಲಿಯನ್ ಶ್ನಾಬೆಲ್ ಅವರ 2007ರ 'ದ ಡೈವಿಂಗ್ ಬೆಲ್ ಅಂಡ್ ದ ಬಟರ್‌ಫ್ಲೈ'. ಪಾರ್ಶ್ವವಾಯು ಹೊಡೆದು ಇಡೀ ದೇಹ ನಿಶ್ಚಲವಾಗಿ, ಎಡಗಣ್ಣನ್ನು ಮಿಟುಕಿಸುವುದೊಂದೇ ಉಳಿದ ಪತ್ರಕರ್ತ ಜಾನ್-ದೊಮಿನಿಕ್ ಬೊಬಿ ಅವರ ನಿಜಕಥೆ ಅದು. ವೈದ್ಯರು ಅವರ ಬಲಗಣ್ಣಿನ ರೆಪ್ಪೆಗಳನ್ನು ಸೇರಿಸಿ ಹೊಲಿಯುವ ದೃಶ್ಯವನ್ನು ಕಣ್ಣಿನ ಒಳಗಿನಿಂದಲೇ ತೋರಿಸಿದ್ದಾರೆ. ಅದನ್ನು ನೋಡುವಾಗ ನಾನು ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡದ್ದು ನೆನಪಿದೆ. ಆ ಹೊತ್ತಿನಲ್ಲಿ ಬೊಬಿಯವರ ಮುಖ ಬೇಕೆಂದು ನನಗಂತೂ ಅನ್ನಿಸಲಿಲ್ಲ.

ಹಾಗೆಯೇ ರಮೆಲ್ ರಾಸ್ ಅವರ 2024ರ 'ನಿಕಲ್ ಬಾಯ್ಸ್' ಹೆಚ್ಚುಕಡಿಮೆ ಪೂರ್ತಿಯಾಗಿ ಪಾತ್ರಗಳ ಕಣ್ಣಿನಿಂದಲೇ ಸಾಗಿ, ಆಸ್ಕರ್‌ನ ಅತ್ಯುತ್ತಮ ಚಿತ್ರದ ಪಟ್ಟಿಯವರೆಗೂ ಹೋಯಿತು. ಅಂಗಳದ ಬೆಳಕು ಅವರ ಹಟ ಹುಚ್ಚಾಟವೇನಲ್ಲ.

ಕತ್ತರಿಮೇಜು:

ಒಳ್ಳೆಯ ಉದಾಹರಣೆಗಳನ್ನು ಕೊಟ್ಟಿದ್ದೀರಿ, ಆದರೆ ಕೊನೆಯ ಎರಡೂ ನನ್ನ ಕಡೆಯ ಸಾಕ್ಷಿಗಳು ಎಂದು ವಾದಿಸಲು ಅವಕಾಶ ಕೊಡಿ.

ಶ್ನಾಬೆಲ್ ಅವರ ಚಿತ್ರ ಒಳಗಿನಿಂದಲೇ ಶುರುವಾಗುತ್ತದೆ, ನಿಜ. ಆದರೆ ಅದು ಅಲ್ಲೇ ಉಳಿಯುವುದಿಲ್ಲ. ನಾವು ಸಾಕಷ್ಟು ಹೊತ್ತು ಆ ದೇಹದಲ್ಲಿ ಬಂಧಿಯಾಗಿದ್ದ ಮೇಲೆ ಕ್ಯಾಮೆರಾ ಹೊರಗೆ ಬರುತ್ತದೆ, ಆ ಮುಖ ಹೇಗಿದೆ ಎಂಬುದು ಕಾಣುತ್ತದೆ, ಮತ್ತು ಆ ಒಂದು ನೋಟಕ್ಕೆ ಬೇಕಾದ ಭಾರವನ್ನು ಹಿಂದಿನ ನಿಮಿಷಗಳೆಲ್ಲ ಕೂಡಿಟ್ಟಿರುತ್ತವೆ. ನೋಡುವವನ ಮುಖವನ್ನು ಅವರು ಬಿಟ್ಟುಬಿಟ್ಟಿಲ್ಲ, ತಡಮಾಡಿದ್ದಾರೆ. ಜಾನ್ ಕಾರ್ಪೆಂಟರ್ ಅವರ 1978ರ 'ಹ್ಯಾಲೋವೀನ್' ಆರಂಭದಲ್ಲಿ ನಡೆಯುವುದೂ ಇದೇ. ಮನೆಯ ಸುತ್ತ ಸುಳಿದು, ಚಾಕು ಎತ್ತಿಕೊಂಡು, ಮುಖವಾಡದ ಎರಡು ತೂತುಗಳಿಂದ ಕೊಲೆಯನ್ನು ನೋಡುವ ಆ ದೀರ್ಘ ಶಾಟ್ ಮುಗಿಯುವುದು ಹೊರಗೆ, ಅಪ್ಪ ಮುಖವಾಡ ಕಿತ್ತಾಗ. ಚಾಕು ಹಿಡಿದು ನಿಂತಿರುವುದು ಆರು ವರ್ಷದ ಹುಡುಗ! ಆ ಮುಖ ಬರದಿದ್ದರೆ ಅದಕ್ಕೆ ಮುಂಚಿನದೆಲ್ಲ ಬರೀ ಕ್ಯಾಮೆರಾದ ಓಡಾಟವಾಗುತ್ತಿತ್ತು.

'ನಿಕಲ್ ಬಾಯ್ಸ್' ಇನ್ನೂ ಜಾಣ. ಮೊದಲ ಭಾಗದಲ್ಲಿ ನಾವು ಎಲ್ವುಡ್ ಎಂಬ ಹುಡುಗನ ಕಣ್ಣಲ್ಲಿರುತ್ತೇವೆ. ಅವನನ್ನು ಸುಧಾರಣಾ ಶಾಲೆಗೆ ಹಾಕಿದ ಮೇಲೆ ಟರ್ನರ್ ಎಂಬ ಇನ್ನೊಬ್ಬ ಹುಡುಗ ಸಿಗುತ್ತಾನೆ. ಅವರಿಬ್ಬರೂ ಭೇಟಿಯಾಗುವ ದೃಶ್ಯವನ್ನು ಎಲ್ವುಡ್‌ನ ಕಡೆಯಿಂದ ಒಮ್ಮೆ ತೋರಿಸಿ, ಮರುಕ್ಷಣವೇ ಟರ್ನರ್‌ನ ಕಡೆಯಿಂದ ಮತ್ತೊಮ್ಮೆ ತೋರಿಸುತ್ತಾರೆ. ಇಷ್ಟು ಹೊತ್ತು ನಾವು ಒಳಗಿದ್ದ ಹುಡುಗನ ಮುಖ ಸರಿಯಾಗಿ ಕಾಣುವುದು ಆಗಲೇ. ಅಲ್ಲಿಂದ ಮುಂದೆ ಅವರಿಬ್ಬರೂ ಒಬ್ಬರಿಗೊಬ್ಬರು ಕೌಂಟರ್ ಶಾಟ್ (ಎದುರು ದಿಕ್ಕಿನಿಂದ ತೆಗೆದ ಶಾಟ್) ಆಗುತ್ತಾರೆ. ಸಾಮಾನ್ಯ ಚಿತ್ರದಲ್ಲಿ ನಾವು ಸಜೆಷನ್ ಶಾಟ್ (ಒಬ್ಬರ ಹೆಗಲ ಮೇಲಿಂದ ಇನ್ನೊಬ್ಬರನ್ನು ತೋರಿಸುವ ಶಾಟ್) ಹಾಕಿ ಮಾಡುವ ಕೆಲಸವನ್ನು ರಾಸ್ ಅವರು ಎರಡು ಜೊತೆ ಕಣ್ಣುಗಳಿಂದ ಮಾಡಿದ್ದಾರೆ. ಒಬ್ಬರ ಕಣ್ಣಿನಿಂದಲೇ ಪೂರ್ತಿ ಚಿತ್ರ ಎಂಬ ಲೆಕ್ಕಕ್ಕೆ ಅದು ಬರುವುದಿಲ್ಲ.

ಬೆಳಕುಮಾಪಕ:

ಛಾಯಾಗ್ರಹಣದ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ, ಏಕೆಂದರೆ "ಮೊಬೈಲ್ ಹಿಡಿದು ಓಡಾಡಿದ ಹಾಗಿದೆ" ಎಂಬ ದೂರಿಗೆ ಸಂಕಲನವೊಂದೇ ಕಾರಣವಲ್ಲ.

ಕ್ಯಾಮೆರಾ ಕಣ್ಣಿನಂತೆ ನೋಡುವುದಿಲ್ಲ. ನಮ್ಮ ಕಣ್ಣು ಸೆಕೆಂಡಿಗೆ ಸುಮಾರು 3 ಬಾರಿ ಒಂದು ಜಾಗದಿಂದ ಇನ್ನೊಂದಕ್ಕೆ ಜಿಗಿಯುತ್ತದೆ, ಮತ್ತು ಆ ಜಿಗಿತದ ನಡುವಿನ ಮಸುಕನ್ನು ಮಿದುಳು ನಮಗೆ ಕಾಣಿಸುವುದೇ ಇಲ್ಲ. ನಡೆಯುವಾಗ ತಲೆ ಅಲುಗಾಡಿದರೂ, ಒಳಕಿವಿಯ ಸಮತೋಲನದ ವ್ಯವಸ್ಥೆ ಕಣ್ಣುಗುಡ್ಡೆಯನ್ನು ಎದುರು ದಿಕ್ಕಿಗೆ ತಿರುಗಿಸಿ ದೃಶ್ಯವನ್ನು ಸ್ಥಿರವಾಗಿಡುತ್ತದೆ. ಹೀಗಾಗಿ ಅಜ್ಜಿ ಒಲೆಯಿಂದ ಬಾಗಿಲಿಗೆ ದೃಷ್ಟಿ ಹೊರಳಿಸಿದರು ಎಂದು ತೋರಿಸಲು ಕ್ಯಾಮೆರಾವನ್ನು ನಿಧಾನವಾಗಿ ಪ್ಯಾನ್ ಮಾಡಿದರೆ (ನಿಂತಲ್ಲೇ ಪಕ್ಕಕ್ಕೆ ತಿರುಗಿಸಿದರೆ), ಜಗತ್ತಿನ ಯಾವ ಅಜ್ಜಿಯೂ ನೋಡದಂತೆ ನಾವು ನೋಡಿದಂತಾಗುತ್ತದೆ. ಒಲೆಯಿಂದ ಬಾಗಿಲಿಗೆ ನೇರವಾಗಿ ಕಟ್ ಮಾಡುವುದೇ ಕಣ್ಣಿನ ನಡೆಗೆ ಹತ್ತಿರ. ಸಂಕಲನಕಾರ ವಾಲ್ಟರ್ ಮರ್ಚ್ ಅವರು ಕಣ್ಣು ಮಿಟುಕಿಸುವುದಕ್ಕೂ ಕಟ್‌ಗೂ ಇರುವ ನಂಟಿನ ಮೇಲೆ ಒಂದು ಪುಸ್ತಕವನ್ನೇ ಕಟ್ಟಿದ್ದಾರೆ. ಗಿಂಬಲ್ (ಕ್ಯಾಮೆರಾ ಅಲುಗದಂತೆ ಹಿಡಿಯುವ ಸಾಧನ) ಮೇಲೆ ತೇಲಿಕೊಂಡು ಹೋಗುವ ಶಾಟ್ ಅಜ್ಜಿಗಿಂತ ದೆವ್ವಕ್ಕೆ ಹೆಚ್ಚು ಹೊಂದುತ್ತದೆ. ಸೋಡರ್‌ಬರ್ಗ್ ಅವರ 'ಪ್ರೆಸೆನ್ಸ್' ಚಿತ್ರದಲ್ಲಿ ಮನೆಯೊಳಗಿನ ದೆವ್ವದ ದೃಷ್ಟಿಗೆ ಆ ತೇಲುವಿಕೆ ಚೆನ್ನಾಗಿ ಒಪ್ಪಿದ್ದು ಸುಮ್ಮನೆ ಅಲ್ಲ.

ಲೆನ್ಸಿನ ಬಗ್ಗೆ. ಎರಡೂ ಕಣ್ಣು ಸೇರಿ ನಮಗೆ ಅಡ್ಡಲಾಗಿ 180 ಡಿಗ್ರಿಗೂ ಹೆಚ್ಚು ಕಾಣುತ್ತದೆ, ಆದರೆ ನಿಚ್ಚಳವಾಗಿ ಕಾಣುವುದು ನಡುವಿನ ತುಸು ಭಾಗ ಮಾತ್ರ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 50 ಎಂ.ಎಂ. ಲೆನ್ಸಿಗೆ ಅಡ್ಡಲಾಗಿ ಸಿಗುವುದು 40 ಡಿಗ್ರಿಯಷ್ಟು. ಎಲ್ಲವನ್ನೂ ಹಿಡಿಯಬೇಕೆಂದು ತೀರಾ ವೈಡ್ ಲೆನ್ಸ್ ಹಾಕಿದರೆ ಎದುರಿಗಿರುವವರ ಮೂಗು ದೊಡ್ಡದಾಗಿ, ಅಂಚಿನ ಕಂಬಗಳು ಬಾಗಿ, ಗೋಪ್ರೋ ಕ್ಯಾಮೆರಾ ನೆನಪಾಗುತ್ತದೆ. ನಾನಾದರೆ 35 ಅಥವಾ 40 ಎಂ.ಎಂ.ನಲ್ಲಿ ನಿಲ್ಲುತ್ತೇನೆ. ಎತ್ತರವನ್ನು ಮಾತ್ರ ಟೇಪ್ ಹಿಡಿದು ಅಳೆಯಿರಿ. ನೆಲದ ಮೇಲೆ ಕುಳಿತವರ ಕಣ್ಣು ನೆಲದಿಂದ ಸುಮಾರು ಎರಡೂವರೆ ಅಡಿ ಮೇಲಿರುತ್ತದೆ. ನಿಂತ ಹುಡುಗನೊಬ್ಬ ಕೈಯಲ್ಲಿ ಹಿಡಿದ ಕ್ಯಾಮೆರಾ ಆ ಎತ್ತರಕ್ಕೆ ತಾನಾಗಿ ಬರುವುದಿಲ್ಲ.

ಪೊರೆಯ ದೃಷ್ಟಿಯನ್ನು ತೋರಿಸಲು ಕಂಪ್ಯೂಟರಿನಲ್ಲಿ ಇಡೀ ಚಿತ್ರವನ್ನು ಬ್ಲರ್ ಮಾಡಬೇಡಿ. ಅದು ಫೋಕಸ್ ತಪ್ಪಿದಂತೆ ಕಾಣುತ್ತದೆ. ಪೊರೆ ಬಂದಾಗ ಬೆಳಕು ಚದುರುತ್ತದೆ, ಕಾಂಟ್ರಾಸ್ಟ್ ಇಳಿಯುತ್ತದೆ, ದೀಪದ ಸುತ್ತ ಪ್ರಭೆ ಕಟ್ಟುತ್ತದೆ, ಬಣ್ಣಗಳಿಗೆ ಹಳದಿ ಬಂದು ನೀಲಿ ಮಂಕಾಗುತ್ತದೆ. ಲೆನ್ಸಿನ ಮುಂದೆ ಬೆಳಕನ್ನು ಚದುರಿಸುವ ಡಿಫ್ಯೂಷನ್ ಫಿಲ್ಟರ್ ಹಾಕಿ, ಕಿಟಕಿಯ ಬೆಳಕು ನೇರವಾಗಿ ಲೆನ್ಸಿಗೆ ಬೀಳುವಂತೆ ನಿಂತರೆ, ಎದುರಿಗೆ ಬಂದವರು ಬರೀ ನೆರಳಾಗುತ್ತಾರೆ. ಹಣೆಗೆ ಕೈ ಅಡ್ಡ ಹಿಡಿದ ಕೂಡಲೇ ಮುಖ ತುಸು ಬಿಡಿಸಿಕೊಳ್ಳುತ್ತದೆ. ವಯಸ್ಸಾದವರು ಮಾತನಾಡಿಸಲು ಬಂದವರನ್ನು ಹಾಗೆ ಕೈ ಅಡ್ಡ ಹಿಡಿದು ನೋಡುವುದನ್ನು ನಾವೆಲ್ಲ ಕಂಡಿದ್ದೇವೆ, ಅದರೊಳಗಿನಿಂದ ಕಂಡಿಲ್ಲ.

(ವಿಷಯಕ್ಕೆ ಸ್ವಲ್ಪ ಆಚೆಯದು: ದುರ್ಬೀನಿನಿಂದ ನೋಡುವ ದೃಶ್ಯ ಎಂದರೆ ಎರಡು ವೃತ್ತಗಳು ಅಂಟಿಕೊಂಡ ಕಪ್ಪು ಮಾಸ್ಕ್ ಹಾಕುವ ಪದ್ಧತಿ ಇಂದಿಗೂ ಇದೆ. ಸರಿಯಾಗಿ ಹೊಂದಿಸಿದ ದುರ್ಬೀನಿನಲ್ಲಿ ಒಂದೇ ವೃತ್ತ ಕಾಣುತ್ತದೆ. ಆದರೂ ಎಂಟರ ಆಕಾರದ ಮಾಸ್ಕ್ ಬಂದರೆ ಎಲ್ಲರಿಗೂ ಅದು ದುರ್ಬೀನು ಎಂದು ತಿಳಿಯುತ್ತದೆ. ಪಿಓವಿ ಎಷ್ಟರ ಮಟ್ಟಿಗೆ ಕಣ್ಣಿನ ನಕಲು, ಎಷ್ಟರ ಮಟ್ಟಿಗೆ ನೋಡುಗರೊಂದಿಗಿನ ಒಪ್ಪಂದ ಎಂದು ಯೋಚಿಸುವಾಗ ನನಗೆ ಇದೇ ನೆನಪಾಗುತ್ತದೆ.)

ಅಂಗಳದ ಬೆಳಕು:

ಬೆಳಕುಮಾಪಕ ಸರ್, ತುಂಬಾ ಧನ್ಯವಾದ. ಗಿಂಬಲ್ ಬಗ್ಗೆ ನೀವು ಹೇಳಿದ್ದು ಓದಿ ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಇನ್ನೊಂದು ತೊಡಕಿದೆ. ಮೊಮ್ಮಗಳ ಪಾತ್ರ ಮಾಡುತ್ತಿರುವವಳಿಗೆ ಅಜ್ಜಿಯೊಂದಿಗೆ ಮಾತನಾಡುವಾಗ ನೇರವಾಗಿ ಲೆನ್ಸನ್ನೇ ನೋಡಲು ಹೇಳಿದ್ದೆವು. ಅವಳ ಅಭಿನಯ ವಾರ್ತೆ ಓದಿದಂತೆ ಬಂದಿದೆ. ಲೆನ್ಸಿನ ಪಕ್ಕಕ್ಕೆ ನೋಡಲು ಹೇಳಿದರೆ ಅವಳು ಅಜ್ಜಿಯನ್ನು ಬಿಟ್ಟು ಬೇರೆ ಯಾರನ್ನೋ ನೋಡುತ್ತಿರುವಂತೆ ಕಾಣುತ್ತದೆ. ಲುಕ್ ಎಲ್ಲಿ ಕೊಡಿಸಬೇಕು?

ಬೆಳಕುಮಾಪಕ:

ಶುದ್ಧ ಪಿಓವಿಯಲ್ಲಿ ಲುಕ್ ಲೆನ್ಸಿಗೇ ಇರಬೇಕು. ಅರ್ಧ ಅಂಗುಲ ಸರಿದರೂ ನೋಡುಗರಿಗೆ ಗೊತ್ತಾಗುತ್ತದೆ. ಆದರೆ ನಿಜಜೀವನದಲ್ಲಿ ಯಾರೂ ಎದುರಿನವರ ಕಣ್ಣನ್ನೇ ಬಿಡದೆ ನೋಡುತ್ತಾ ಮಾತನಾಡುವುದಿಲ್ಲ. ಮೊಮ್ಮಗಳಿಗೆ ಕೈಗೊಂದು ಕೆಲಸ ಕೊಡಿ. ಅವರೆಕಾಯಿ ಸುಲಿಯುತ್ತಲೋ, ಅಜ್ಜಿಯ ಚೀಲಕ್ಕೆ ಬಟ್ಟೆ ಮಡಚಿ ಇಡುತ್ತಲೋ ಮಾತನಾಡಲಿ, ಒಂದೆರಡು ಸಾರಿ ಮಾತ್ರ ಕಣ್ಣೆತ್ತಿ ಲೆನ್ಸನ್ನು ನೋಡಲಿ. ಆಗ ಆ ನೋಟಕ್ಕೆ ತೂಕ ಬರುತ್ತದೆ.

ಜೊನಾಥನ್ ಡೆಮ್ಮಿ ಅವರ 1991ರ 'ದ ಸೈಲೆನ್ಸ್ ಆಫ್ ದ ಲ್ಯಾಂಬ್ಸ್' ಅನ್ನು ಲುಕ್‌ಗೋಸ್ಕರವೇ ಮತ್ತೊಮ್ಮೆ ನೋಡಿ. ನಾಯಕಿ ಕ್ಲಾರಿಸ್ ಜೊತೆ ಮಾತನಾಡುವವರು, ಮುಖ್ಯವಾಗಿ ಗಂಡಸರು, ಮತ್ತೆ ಮತ್ತೆ ನೇರವಾಗಿ ಲೆನ್ಸನ್ನು ನೋಡುತ್ತಾರೆ, ಆದರೆ ಕ್ಲಾರಿಸ್‌ಳ ಕ್ಲೋಸಪ್‌ಗಳಲ್ಲಿ ಹೆಚ್ಚಾಗಿ ಅವಳ ನೋಟ ಲೆನ್ಸಿನಿಂದ ತುಸು ಆಚೆಗಿರುತ್ತದೆ. ಹೀಗಾಗಿ ಅವರೆಲ್ಲ ದಿಟ್ಟಿಸುತ್ತಿರುವುದು ನಮ್ಮನ್ನೇ ಎಂಬಂತಾಗಿ, ಅವಳ ಮುಜುಗರ ನಮ್ಮದಾಗುತ್ತದೆ.

ಕತ್ತರಿಮೇಜು:

ಇದಕ್ಕೆ 'ರಿಯರ್ ವಿಂಡೋ'ದಿಂದಲೇ ಒಂದು ಸಾಕ್ಷಿ. ಚಿತ್ರದ ಬಹುಭಾಗ ಎದುರು ಮನೆಯವರು ತಮ್ಮ ಪಾಡಿಗೆ ತಾವಿರುತ್ತಾರೆ, ನಾವು ಕದ್ದು ನೋಡುತ್ತಿರುತ್ತೇವೆ. ಕೊನೆಯ ಭಾಗದಲ್ಲಿ ಕೊಲೆಯ ಅನುಮಾನಕ್ಕೆ ಗುರಿಯಾದ ಥಾರ್ವಾಲ್ಡ್, ತನ್ನನ್ನು ಯಾರೋ ನೋಡುತ್ತಿದ್ದಾರೆಂದು ಅರಿತು ತಲೆ ಎತ್ತಿ ನೇರವಾಗಿ ಲೆನ್ಸನ್ನು ನೋಡುತ್ತಾನೆ. ಎಷ್ಟು ಸಲ ನೋಡಿದರೂ ಆ ಕ್ಷಣದಲ್ಲಿ ನಾನು ಹಿಂದಕ್ಕೆ ಸರಿಯುತ್ತೇನೆ. ಅದಕ್ಕೆ ಮೊದಲೇ ನಾಲ್ಕಾರು ಜನ ಲೆನ್ಸನ್ನು ನೋಡಿಬಿಟ್ಟಿದ್ದರೆ ಆ ನೋಟ ಹಾಳಾಗುತ್ತಿತ್ತು. ಇಷ್ಟು ಕಟ್ಟುನಿಟ್ಟಾಗಿ ಒಬ್ಬನ ನೋಟವನ್ನು ಅನುಸರಿಸುವ ಚಿತ್ರದಲ್ಲೂ ಹಿಚ್‌ಕಾಕ್ ಬೇಕೆಂದೇ ನಿಯಮ ಮುರಿದ ಜಾಗವೊಂದಿದೆ: ನಾಯಕ ನಿದ್ದೆ ಹೋದಾಗ ಥಾರ್ವಾಲ್ಡ್ ಒಬ್ಬ ಹೆಂಗಸಿನೊಂದಿಗೆ ಹೊರಗೆ ಹೋಗುವುದು ನಮಗೆ ಕಾಣುತ್ತದೆ, ಅವನಿಗೆ ಕಾಣುವುದಿಲ್ಲ. ಅವನಿಗಿಂತ ನಮಗೆ ಒಂದು ವಿಷಯ ಹೆಚ್ಚು ಗೊತ್ತಿರುವುದರಿಂದ, ಅವನ ನೋಟವನ್ನೇ ಅನುಮಾನಿಸುವಂತಾಗುತ್ತದೆ.

ಹಳೇ ರೀಲು:

ತಡವಾಗಿ ಬಂದಿದ್ದೇನೆ. ಅಜ್ಜಿ ಮತ್ತು ಕಣ್ಣು ಎಂದು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಸಿನಿಮಾದಲ್ಲಿ ಪಿಓವಿ ಬಳಸಿದ ತೀರಾ ಮೊದಮೊದಲ ಚಿತ್ರಗಳಲ್ಲಿ ಒಂದರ ಹೆಸರೇ 'ಗ್ರ್ಯಾಂಡ್‌ಮಾಸ್ ರೀಡಿಂಗ್ ಗ್ಲಾಸ್', ಅಂದರೆ ಅಜ್ಜಿಯ ಭೂತಗನ್ನಡಿ. ಇಂಗ್ಲೆಂಡಿನ ಬ್ರೈಟನ್ ಪಕ್ಕದ ಹೋವ್‌ನಲ್ಲಿದ್ದ ಜಿ. ಎ. ಸ್ಮಿತ್ ಅದನ್ನು 1900ರಲ್ಲಿ ತೆಗೆದರು. ಅಜ್ಜಿ ಮೇಜಿನ ಬಳಿ ಕುಳಿತಿರುತ್ತಾಳೆ, ಮೊಮ್ಮಗ ಅವಳ ಭೂತಗನ್ನಡಿ ಎತ್ತಿಕೊಂಡು ಒಂದೊಂದನ್ನೇ ನೋಡುತ್ತಾನೆ. ಅವನು ನೋಡಿದ್ದು ಕಪ್ಪು ಚೌಕಟ್ಟಿನ ನಡುವಿನ ವೃತ್ತದಲ್ಲಿ ದೊಡ್ಡದಾಗಿ ಕಾಣುತ್ತದೆ: ಪತ್ರಿಕೆಯ ಅಕ್ಷರ, ಗಡಿಯಾರದ ಯಂತ್ರ, ಪಂಜರದ ಹಕ್ಕಿ, ಬೆಕ್ಕಿನ ಮರಿ. ನಡುವೆ ಆ ವೃತ್ತದ ತುಂಬ ಅಜ್ಜಿಯ ಕಣ್ಣು ಬರುತ್ತದೆ, ಗುಡ್ಡೆ ಆಚೀಚೆ ಹೊರಳುತ್ತದೆ. ಕತ್ತರಿಮೇಜು ಅವರು ಹೇಳಿದ ನೋಡುವವರು, ನೋಡಿದ್ದು, ಮತ್ತೆ ನೋಡುವವರು ಎಂಬ ಸರಪಳಿ ಕುಲೆಶೊವ್‌ಗಿಂತ ಮುಂಚೆಯೇ ಅಲ್ಲಿ ಪೂರ್ತಿಯಾಗಿದೆ.

ಒಂದು ಎಚ್ಚರಿಕೆಯ ಮಾತು. ಒಬ್ಬರ ಕಣ್ಣಿನಿಂದ ತೆಗೆಯುವುದು ಬೇರೆ, ಒಬ್ಬರ ಅರಿವಿನ ಮಿತಿಯೊಳಗೆ ಕಥೆ ಹೇಳುವುದು ಬೇರೆ. ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ದಲ್ಲಿ ಯಮುನಕ್ಕನ ದುರಂತ ನಮ್ಮನ್ನು ತಲುಪುವುದು ನಾಣಿ ಎಂಬ ಪುಟ್ಟ ಹುಡುಗನ ಮೂಲಕ. ಎಸ್. ರಾಮಚಂದ್ರ ಅವರ ಕ್ಯಾಮೆರಾ ಅವನನ್ನೂ ಹೊರಗಿನಿಂದ ತೋರಿಸುತ್ತದೆ, ಆದರೂ ದೊಡ್ಡವರ ಲೋಕ ನಮಗೆ ಅವನಿಗೆ ಅರ್ಥವಾದಷ್ಟೇ, ಅರ್ಥವಾಗದಷ್ಟೇ ಸಿಗುತ್ತದೆ. ಅಜ್ಜಿಗೆ ಯಾವುದು ಕಾಣುವುದಿಲ್ಲವೋ ಅದನ್ನು ನೋಡುಗರಿಂದಲೂ ಬಚ್ಚಿಡಲು ನಿಮಗೆ ಪ್ರತಿ ಕ್ಷಣವೂ ಪಿಓವಿ ಬೇಕಾಗಿಲ್ಲ.

ಮೂರನೇ ಸಾಲು:

ಹಳೇ ರೀಲು ಅವರ ಮಾತಿಗೆ ನಾನು ತಲೆಬಾಗುತ್ತೇನೆ, ಆದರೆ 'ನಿಕಲ್ ಬಾಯ್ಸ್' ಅನ್ನು ಇಷ್ಟು ಬೇಗ ಬಿಟ್ಟುಕೊಡುವುದಿಲ್ಲ. ಅದರಲ್ಲೂ ಒಬ್ಬ ಅಜ್ಜಿ ಇದ್ದಾಳೆ. ಮೊಮ್ಮಗನನ್ನು ನೋಡಲು ಶಾಲೆಗೆ ಬಂದು, ಭೇಟಿಗೆ ಅವಕಾಶ ಸಿಗದೆ, ಅವನ ಗೆಳೆಯ ಟರ್ನರ್‌ನನ್ನೇ ತಬ್ಬಿಕೊಳ್ಳುತ್ತಾಳೆ. ನಾವು ಟರ್ನರ್‌ನ ಕಣ್ಣಲ್ಲಿರುವುದರಿಂದ ಅವಳು ತಬ್ಬಿಕೊಳ್ಳುವುದು ಕ್ಯಾಮೆರಾವನ್ನು. ಎದುರಿನ ಎಲ್ಲವೂ ಮರೆಯಾಗಿ ಅವಳ ಬಟ್ಟೆ ಮತ್ತು ಹೆಗಲು ಮಾತ್ರ ಉಳಿಯುತ್ತದೆ. 'ಲೇಡಿ ಇನ್ ದ ಲೇಕ್'ನ ಮುತ್ತು ನಗು ತರಿಸುತ್ತದೆ, ಈ ಅಪ್ಪುಗೆ ಗಂಟಲು ಕಟ್ಟಿಸುತ್ತದೆ. ಎರಡರಲ್ಲೂ ಕ್ಯಾಮೆರಾ ಇರುವುದು ಒಂದೇ ಜಾಗದಲ್ಲಿ.

ಕತ್ತರಿಮೇಜು:

ಅದನ್ನು ಒಪ್ಪುತ್ತೇನೆ. ಆ ಅಪ್ಪುಗೆ ಬರುವ ಹೊತ್ತಿಗೆ ಟರ್ನರ್ ಯಾರೆಂದು ನಮಗೆ ಗೊತ್ತಿರುತ್ತದೆ, ಅವನ ಮುಖ ಕಂಡಿರುತ್ತೇವೆ ಎಂಬುದನ್ನಷ್ಟೇ ಸೇರಿಸುತ್ತೇನೆ.

ಅಂಗಳದ ಬೆಳಕು:

ನಿನ್ನೆ ರಾತ್ರಿ ಮತ್ತೆ ಕುಳಿತು ಚಿತ್ರಕಥೆಯನ್ನು ತಿದ್ದಿದೆವು. ಮೊದಲ ಶಾಟ್ ಈಗ ಹೊರಗಿನಿಂದ: ಅಜ್ಜಿ ಸೂಜಿಗೆ ದಾರ ಪೋಣಿಸಲು ನೋಡುತ್ತಿದ್ದಾರೆ, ಆಗುತ್ತಿಲ್ಲ. ಆಮೇಲೆ ಅವರ ಕಣ್ಣಿನಿಂದ ಸೂಜಿ. ತೂತು ಕಾಣುವುದಿಲ್ಲ, ದಾರದ ತುದಿ ಎರಡಾಗಿ ಕಾಣುತ್ತದೆ. ಮತ್ತೆ ಅಜ್ಜಿಯ ಮುಖ. ಮನೆಯಲ್ಲಿದ್ದ ಮೊಬೈಲಿನಲ್ಲೇ ಈ ಮೂರನ್ನು ತೆಗೆದು ಜೋಡಿಸಿ, ಅಂದು ಪ್ರಶ್ನೆ ಕೇಳಿದವರಿಗೇ ಕಳುಹಿಸಿದೆವು. "ಮೊಮ್ಮಗಳು ಎಲ್ಲಿ ಹೋದಳು, ದಾರ ಹಾಕಿಕೊಡಬಾರದೇ?" ಎಂದು ಉತ್ತರ ಬಂತು.

ಮಧ್ಯದ ಏಳು ನಿಮಿಷಗಳಲ್ಲಿ ಪಿಓವಿಯನ್ನು ಉಳಿಸಿಕೊಂಡಿದ್ದೇವೆ, ಪ್ಯಾನ್‌ಗಳನ್ನೆಲ್ಲ ತೆಗೆದು ಕಟ್ ಮಾಡಲಿದ್ದೇವೆ, ಗಿಂಬಲ್ ಹಿಂದಿರುಗಿಸಿದ್ದೇವೆ. ಕೊನೆಯ ಶಾಟ್ ಒಂದರ ಬಗ್ಗೆ ಮಾತ್ರ ಜಗಳ ಮುಗಿದಿಲ್ಲ. ರಾತ್ರಿ ದೀಪ ಆರಿಸುವ ಮುನ್ನ ಅಜ್ಜಿ ಕನ್ನಡಿ ನೋಡಿಕೊಳ್ಳುತ್ತಾರೆ. ಕನ್ನಡಿಯಲ್ಲಿ ಅವರ ಮುಖ ಅವರಿಗೆ ಕಾಣುವಷ್ಟೇ ಮಸುಕಾಗಿರಬೇಕೆಂದು ನಾನು, ಸ್ಪಷ್ಟವಾಗಿರಬೇಕೆಂದು ಉಳಿದ ಮೂವರು.

ಹಳೇ ರೀಲು:

ರೂಬೆನ್ ಮಾಮೂಲಿಯನ್ 1931ರಲ್ಲಿ 'ಡಾ. ಜೆಕಿಲ್ ಅಂಡ್ ಮಿಸ್ಟರ್ ಹೈಡ್' ಚಿತ್ರವನ್ನು ಆರಂಭಿಸಿದ್ದು ಆರ್ಗನ್ ನುಡಿಸುವ ಕೈಗಳನ್ನು ಜೆಕಿಲ್‌ನ ಕಣ್ಣಿನಿಂದ ತೋರಿಸಿ. ಮುಖ ಮೊದಲು ಕಂಡಿದ್ದು ಕನ್ನಡಿಯಲ್ಲಿ. ಅಲ್ಲಿ ಅದು ಸ್ಪಷ್ಟವಾಗಿತ್ತು, ಏಕೆಂದರೆ ಅದು ಪರಿಚಯದ ಶಾಟ್. ನಿಮ್ಮಲ್ಲಿ ಪರಿಚಯ ಸೂಜಿಯಲ್ಲೇ ಆಗಿಹೋಗಿದೆ. ನನ್ನ ಮತ ನಿಮಗೆ.

ಬೆಳಕುಮಾಪಕ:

ನನ್ನ ಮತವೂ ಅದೇ. ಕನ್ನಡಿಯ ಪಕ್ಕದಲ್ಲಿ ಒಂದು ಬಲ್ಬ್ ಲೆನ್ಸಿಗೆ ನೇರವಾಗಿ ಬೀಳುವಂತಿರಲಿ. ಅದನ್ನು ಆರಿಸಿದ ಮರುಕ್ಷಣ, ಕತ್ತಲಾಗುವ ಮುನ್ನ, ಹೊರಗಿನ ಬೀದಿದೀಪದ ಬೆಳಕಿನಲ್ಲಿ ಮುಖ ತುಸು ಬಿಡಿಸಿಕೊಳ್ಳುತ್ತದೆ. ಉಳಿದ ಮೂವರಿಗೂ ಅಷ್ಟು ಸಾಕಾಗಬಹುದು. ಬೀದಿದೀಪದ ಬೆಳಕು ಕಿಟಕಿಯಿಂದ ಯಾವ ಮೂಲೆಗೆ ಬೀಳುತ್ತದೆ ಎಂದು ಇಂದೇ ಹೋಗಿ ನೋಡಿಕೊಂಡು ಬನ್ನಿ.